ಮಣಿಕಟ್ಟಿನ ಪಾರುಪತ್ಯಗಾರ

1961ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳನ್ನು ತಯಾರಿಸತೊಡಗಿದಾಗ, ಅವುಗಳನ್ನು ಕೊಂಡವರ ಕರ್ತವ್ಯ ಒಂದೇ ಆಗಿತ್ತು: ದಿನಕ್ಕೊಮ್ಮೆ ಕೀ ಕೊಡುವುದು. ನಲವತ್ತು ವರ್ಷಗಳ ತರುವಾಯ, 2001ರಲ್ಲಿ, ಅದೇ ಸಿಟಿಜನ್ ಸಂಸ್ಥೆ ಅಮೆರಿಕದ ಐಬಿಎಂನೊಡನೆ ಸೇರಿ 'ವಾಚ್‌ಪ್ಯಾಡ್' ಎಂಬ ಪ್ರಾಯೋಗಿಕ ಗಡಿಯಾರವನ್ನು ಲೋಕಕ್ಕೆ ತೋರಿಸಿತು. ಅದರೊಳಗೆ ನಡೆಯುತ್ತಿದ್ದುದು ದೊಡ್ಡ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್. ಕಂಪ್ಯೂಟರು ಮಣಿಕಟ್ಟಿಗೆ ಇಳಿಯಬಲ್ಲದೆಂಬುದೇನೋ ಸಿದ್ಧವಾಯಿತು. ಅದರ ಹಸಿವನ್ನು ತಣಿಸುವಷ್ಟು ದೊಡ್ಡ ಬ್ಯಾಟರಿಗೆ ಮಣಿಕಟ್ಟಿನಲ್ಲಿ ಸ್ಥಳವೆಲ್ಲಿ?

ಮಂಗಳೂರಿನ ಮನೆಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಮಕ್ಕಳು ದುಬೈ, ಮಸ್ಕತ್‌ಗಳಲ್ಲಿ. ಕದ್ರಿ, ಬಿಜೈ, ಉರ್ವಗಳ ಮನೆಗಳಲ್ಲಿ ವಯಸ್ಸಾದ ತಂದೆತಾಯಿಗಳು. ರಜೆಗೆ ಬಂದ ಮಗ, ನಾಡಿಯನ್ನೆಣಿಸುವ ಮತ್ತು ಆಪತ್ತಿನಲ್ಲಿ ಸುದ್ದಿ ಮುಟ್ಟಿಸುವ ಗಡಿಯಾರವೊಂದನ್ನು ತಂದೆಯ ಕೈಗೆ ಕಟ್ಟಿ ನಿಶ್ಚಿಂತನಾಗಿ ವಿಮಾನವೇರುತ್ತಾನೆ. ಆ ನಿಶ್ಚಿಂತೆ ಎಷ್ಟು ಗಟ್ಟಿಯೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಗಡಿಯಾರದ ಆಪರೇಟಿಂಗ್ ಸಿಸ್ಟಂ. ಎಂದರೆ ಒಳಗಿನ ಕೆಲಸಗಳನ್ನೆಲ್ಲ ಹಂಚಿ ನಡೆಸುವ ಪಾರುಪತ್ಯಗಾರ.

ಪಾರುಪತ್ಯಗಾರರಲ್ಲಿ ಎರಡು ಬಗೆ. ಆಪಲ್ ಗಡಿಯಾರದ ವಾಚ್‌ಓಎಸ್, ಗೂಗಲ್‌ನ ವೇರ್ ಓಎಸ್ ಮೊದಲನೆಯ ಬಗೆಯವು. ಫೋನಿನ ವ್ಯವಸ್ಥೆಯನ್ನೇ ಗಡಿಯಾರಕ್ಕೆ ಹೊಂದಿಸಿಕೊಂಡವು. ಇಲ್ಲಿ ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕ ಕೋಣೆ, ನಡುವೆ ಭದ್ರವಾದ ಗೋಡೆ. ಒಂದು ಕೆಲಸ ಕೆಟ್ಟರೆ ಉಳಿದವು ಸಾಮಾನ್ಯವಾಗಿ ಕೆಡುವುದಿಲ್ಲ. ಹೊಸ ಕೆಲಸಗಳನ್ನು ಕಲಿಸುವುದೂ ಸುಲಭ. ಆದರೆ ದೊಡ್ಡ ಸಂಸಾರಕ್ಕೆ ಖರ್ಚೂ ದೊಡ್ಡದು. 2015ರ ಮೊದಲ ಆಪಲ್ ಗಡಿಯಾರಕ್ಕೆ ತಯಾರಕರು ಹೇಳಿದ ಬಾಳಿಕೆ 18 ಗಂಟೆ.

ಎರಡನೆಯದು ಒಬ್ಬನೇ ಆಳಿನ ಸಂಸಾರ. ಫ್ರೀಆರ್‌ಟಿಓಎಸ್‌ನಂಥ ಕಿರು ವ್ಯವಸ್ಥೆಗಳು ತುರ್ತಿನ ಕ್ರಮದಲ್ಲಿ ಕೆಲಸ ಮುಗಿಸುತ್ತವೆ. ಬಿಡುವಾದೊಡನೆ ಯಂತ್ರವನ್ನು ನಿದ್ರೆಗೆ ಕಳುಹಿಸುತ್ತವೆ. ಅದನ್ನೇ ನಂಬಿ 2013ರಲ್ಲಿ ಬಂದ ಪೆಬಲ್ ಗಡಿಯಾರ, ಮಿತವ್ಯಯದ ಪರದೆಯ ನೆರವಿನಿಂದ, ಕೇವಲ 128 ಕಿಲೋಬೈಟ್ ಸ್ಮೃತಿಯಲ್ಲಿ ವಾರದವರೆಗೆ ನಡೆಯಬಲ್ಲದೆಂದು ಹೆಸರಾಯಿತು. ಕೊರತೆಯೂ ಉಂಟು. ಇಂಥ ಸಂಸಾರದಲ್ಲಿ ಗೋಡೆಗಳು ಸಾಮಾನ್ಯವಾಗಿ ತೆಳು. ಒಂದರ ತಪ್ಪು ಇಡೀ ಮನೆಯನ್ನು ಕೆಡವಬಹುದು. ಇಂಥ ಅಗ್ಗದ ಗಡಿಯಾರಗಳಲ್ಲಿ ಹಲವಕ್ಕೆ ಸ್ವಂತ ದೂರವಾಣಿ ಸಂಪರ್ಕವೂ ಇರದು. ಫೋನು ಜಗಲಿಯಲ್ಲಿ ಉಳಿದು, ತಂದೆ ಹಿತ್ತಿಲಲ್ಲಿ ಜಾರಿದರೆ ಸುದ್ದಿ ಹೋಗುವುದೆಲ್ಲಿಂದ?

ಇತ್ತೀಚೆಗೆ ಇಬ್ಬರನ್ನೂ ಒಂದೇ ಮನೆಯಲ್ಲಿರಿಸುವ ಪ್ರಯತ್ನ ನಡೆದಿದೆ. 2024ರ ಒನ್‌ಪ್ಲಸ್ ವಾಚ್ 2ರಲ್ಲಿ ಎರಡು ಸಂಸ್ಕಾರಕಗಳು. ಭಾರದ ಕೆಲಸ ಬಂದಾಗ ವೇರ್ ಓಎಸ್ ಏಳುತ್ತದೆ. ದಿನದ ಸಣ್ಣಪುಟ್ಟ ಕೆಲಸಗಳನ್ನು ಕಿರು ವ್ಯವಸ್ಥೆ ನೋಡಿಕೊಳ್ಳುತ್ತದೆ. ಅದರ ಸ್ಮೃತಿ 2 ಗಿಗಾಬೈಟ್, ಪೆಬಲ್‌ನದಕ್ಕಿಂತ 16,000 ಪಟ್ಟಿಗೂ ಹೆಚ್ಚು. ಆದರೂ ತಯಾರಕರು ಹೇಳುವ ಬಾಳಿಕೆ 100 ಗಂಟೆ. ಬ್ಯಾಟರಿಯೂ ದೊಡ್ಡದೆಂಬುದನ್ನು ಮರೆಯಬಾರದು.

ಹಾಗಾದರೆ ಮನೆಯ ಹಿರಿಯರಿಗೆ ಯಾವುದು ಮೇಲು? ಗುಣಗಳ ಪಟ್ಟಿಗಿಂತ ಅವರ ದಿನಚರಿಯನ್ನು ನೋಡಿ ನಿರ್ಧರಿಸುವುದು ಲೇಸು. ದಿನವೂ ಚಾರ್ಜು ಬೇಡುವ ಗಡಿಯಾರವನ್ನು ಹೆಚ್ಚಿನವರು ಮಲಗುವಾಗ ಬಿಚ್ಚಿಡುತ್ತಾರೆ. ವೃದ್ಧರು ಕತ್ತಲಲ್ಲಿ ತಡವರಿಸುತ್ತ ಬಚ್ಚಲಿಗೆ ನಡೆಯುವುದೂ ಅದೇ ರಾತ್ರಿಯಲ್ಲಿ. ಆಗ ಗಡಿಯಾರವು ಮೇಜಿನ ಮೇಲೆ ಸುಖವಾಗಿ ವಿದ್ಯುತ್ ಸೇವಿಸುತ್ತಿರುತ್ತದೆ! ಅಂಥದನ್ನೇ ಕೊಂಡಿದ್ದರೆ, ಬೆಳಗ್ಗೆ ಕಾಫಿ ಕುಡಿದು ಪತ್ರಿಕೆ ಓದುವ ಹೊತ್ತನ್ನು ಅದರ ಊಟದ ಹೊತ್ತಾಗಿ ಗೊತ್ತುಪಡಿಸಬೇಕು. ದಿನವೂ ನೆನಪಿಡುವುದು ಕಷ್ಟವೆನಿಸುವವರಿಗೆ ವಾರವಿಡೀ ಕೈಯಲ್ಲಿರುವ ಮಿತಭಾಷಿ ಗಡಿಯಾರವೇ ಉತ್ತಮ. ಫೋನನ್ನು ಮಾತ್ರ ಜೇಬಿನಲ್ಲಿಟ್ಟುಕೊಳ್ಳಬೇಕು. ಎಷ್ಟೇ ಜಾಣನಾದರೂ ಮನೆಯಲ್ಲಿಲ್ಲದ ಕಾವಲುಗಾರ ಕಳ್ಳನನ್ನು ಹಿಡಿಯಲಾರ.