ಒಂದೇ ಸಾಲಿನ ಅವಸರ

ಪಿಯುಸಿ ಓದುತ್ತಿರುವ ಮೊಮ್ಮಗಳು ಮೊನ್ನೆ ಪೈಥಾನ್ ಪುಸ್ತಕವನ್ನು ಮುಚ್ಚಿಟ್ಟು, "ತಾತ, ಇದು ನನ್ನ ತಲೆಗೆ ಹತ್ತುವುದಿಲ್ಲ, ನಾನು ದಡ್ಡಿ" ಎಂದಳು. ಅವಳನ್ನು ಕಂಗೆಡಿಸಿದ್ದು ಲಿಸ್ಟ್ ಕಾಂಪ್ರಹೆನ್ಷನ್ ಎಂಬ ಒಂದೇ ಒಂದು ಸಾಲು. 2000ದಲ್ಲಿ ಆ ಭಾಷೆಗೆ ಸೇರಿದ ಈ ಸೌಕರ್ಯ, ಪ್ರಿಯ ಶಿಷ್ಯರೇ, ನಿಮಗೆ ಕರಿಹಲಗೆಯ ಮೇಲೆ ಕಲಿಸಿದ ಗಣಗಳ ಬರವಣಿಗೆಯ ಸಂತಾನವೇ ಸರಿ.

ತಿಪಟೂರು ಸೀಮೆಯ ಮಗುವಿಗೆ ಉದಾಹರಣೆ ಹುಡುಕಬೇಕೆ? ಅಟ್ಟದಿಂದ ಇಳಿಸಿ, ಸುಲಿದು ರಾಶಿ ಹಾಕಿದ್ದ ಉಂಡೆಕೊಬ್ಬರಿಯನ್ನು ತೋರಿಸಿ, "ಹೇಗೆ ಆರಿಸುತ್ತೀಯೆ?" ಎಂದೆ. "ರಾಶಿಯಿಂದ ಒಂದೊಂದನ್ನೇ ಎತ್ತಿಕೊಂಡು, ಕೌಟು ಇಲ್ಲದಿದ್ದರೆ ಚೀಲಕ್ಕೆ ಹಾಕುತ್ತೇನೆ." ಮೊದಲು ಫಾರ್, ಆಮೇಲೆ ಇಫ್, ಕೊನೆಗೆ ಅಪೆಂಡ್. ಲೂಪಿನ ಕ್ರಮವೂ ನಮ್ಮ ಕನ್ನಡ ವಾಕ್ಯದ ಕ್ರಮವೂ ಒಂದೇ! ಒಂದು ಸಾಲಿನ ರೂಪದಲ್ಲಾದರೋ ಚೀಲಕ್ಕೆ ಬೀಳುವುದು ಮೊದಲು, ರಾಶಿ ಅನಂತರ, ಪರೀಕ್ಷೆ ಕಟ್ಟಕಡೆಗೆ. ಮಗು ಎಡವುವುದು ಸಹಜ.

ಆದ್ದರಿಂದ ಆರಂಭದಲ್ಲಿ ಲೂಪನ್ನು ಉದ್ದವಾಗಿಯೇ ಬರೆಸಬೇಕೆಂಬುದು ನನ್ನ ಅಭಿಮತ. ನಡುವೆ ಒಂದು ಪ್ರಿಂಟ್ ಸೇರಿಸಿದರೆ ತಪ್ಪು ಎಲ್ಲಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ಪಾಠ ಮುಗಿಸುವ ಅವಸರದಲ್ಲಿ ಹಂತಗಳನ್ನು ನುಂಗಿ ಲೆಕ್ಕ ಮಾಡಿಸಿದವನು ನಾನೂ ಹೌದು. ಹಿಂದಿನ ಬೆಂಚಿನವರು ಮರೆತಿರಲಾರರು.

ಸಂಜೆಗೆ ಅವಳು ನಾಲ್ಕು ಸಾಲು ಬರೆದು, ಅದನ್ನು ತಾನೇ ಒಂದು ಸಾಲಿಗೆ ಮಡಚಿ ತೋರಿಸಿದಳು.