ಸಹಿಸ್ಕೋ, ಇಲ್ಲಾಂದ್ರ ತೆಗೆಸ್ಕೋ!

ಧಾರವಾಡದ ರೀಡಿಂಗ್ ರೂಮಿನಲ್ಲಿ ನನ್ನ ಕಾಯಂ ಜಾಗ ಬಾಗಿಲ ಪಕ್ಕದ ಕುರ್ಚಿ. ಗಾಳಿ ಬರುತ್ತದೆ ಅಂತ ಆರಿಸಿಕೊಂಡದ್ದಲ್ಲ, ಶೌಚಾಲಯ ಹತ್ತಿರ ಅಂತ. ಎಫ್‌ಡಿಎ, ಪಿಡಿಒ ಅಂತ ಎರಡು ವರ್ಷದಿಂದ ಓದುತ್ತಿದ್ದೇನೆ. ಆದರೆ ತಿಂಗಳಲ್ಲಿ ಎಂಟು ದಿನ ನನಗೆ ಸಿಲಬಸ್‌ಗಿಂತ ಪ್ಯಾಡಿನದೇ ಲೆಕ್ಕ. ಗಂಟೆ, ಒಂದೂವರೆ ಗಂಟೆಗೊಮ್ಮೆ ಬದಲಾಯಿಸಬೇಕು. ಕಪ್ಪು ಚೂಡಿದಾರ್ ಬಿಟ್ಟು ಬೇರೆ ಹಾಕುವಂತಿಲ್ಲ. ಒಮ್ಮೆ ಪರೀಕ್ಷೆಯ ದಿನವೇ ಬಂತು. ಪ್ರಶ್ನೆಪತ್ರಿಕೆ ಏನೂ ಕಷ್ಟವಿರಲಿಲ್ಲ. ಬೆಂಚಿನಿಂದ ಏಳುವುದು ಹೇಗೆ ಅನ್ನೋ ಯೋಚನೆಯಲ್ಲೇ ಕೊನೆಯ ಇಪ್ಪತ್ತು ಪ್ರಶ್ನೆಗಳು ಹಾಗೇ ಉಳಿದವು.

ಅವ್ವನಿಗೆ ಫೋನ್ ಮಾಡಿದರೆ, ‘ಹೆಣ್ಣಮಕ್ಕಳಿಗೆ ಇದೆಲ್ಲಾ ಇರೂದ ಬಿಡವಾ, ತಡ್ಕೋಬೇಕು’ ಅಂದಳು. ತಡ್ಕೊಂಡೆ. ಕಳೆದ ವರ್ಷ ಪಿಜಿಯ ಮೆಟ್ಟಿಲು ಹತ್ತುವಾಗ ಕಣ್ಣಿಗೆ ಕತ್ತಲೆ ಬಂದು ಕುಸಿದು ಕೂತೆ. ರೂಮ್‌ಮೇಟ್ ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಹಿಮೋಗ್ಲೋಬಿನ್ 7.8 ಇತ್ತು. ಇರಬೇಕಾದದ್ದು ಕನಿಷ್ಠ 12. ಡಾಕ್ಟರ್ ಸ್ಕ್ಯಾನ್ ಮಾಡಿಸಲು ಹೇಳಿದರು. ಗರ್ಭಕೋಶದ ಗೋಡೆಯಲ್ಲಿ ನಾಲ್ಕು ಸೆಂಟಿಮೀಟರಿನ ಗಡ್ಡೆ, ಫೈಬ್ರಾಯ್ಡ್ ಅಂತ ಬಂತು.

ಗಡ್ಡೆ ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಕ್ಯಾನ್ಸರ್. ಡಾಕ್ಟರ್ ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿ ಹೇಳಿದರು. ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವೇ ಒಂದು ಕಡೆ ಗಂಟಾಗಿ ಬೆಳೆಯುವುದು. ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಇರುವಷ್ಟು ಕಾಲ ಬೆಳೆಯಬಹುದು, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಹೆಚ್ಚಾಗಿ ಮೂವತ್ತು ದಾಟಿದವರಲ್ಲಿ ಕಾಣುತ್ತದೆ. ನನ್ನ ಹಾಗೆ 24ಕ್ಕೇ ಬರುವುದು ಕಡಿಮೆ, ಆದರೆ ಇಲ್ಲವೆಂದಿಲ್ಲ. ಎಷ್ಟೋ ಜನರಿಗೆ ಇದ್ದದ್ದೇ ಗೊತ್ತಾಗುವುದಿಲ್ಲ. ತೊಂದರೆ ಕೊಡುವುದು ಅದರ ಗಾತ್ರ ಮಾತ್ರವಲ್ಲ, ಜಾಗ ಕೂಡ. ಒಳಪದರದತ್ತ ಚಾಚಿಕೊಂಡ ಸಣ್ಣ ಗಂಟೂ ರಕ್ತವನ್ನು ಹರಿಸಿಬಿಡಬಲ್ಲದು. ಹೊರಗೋಡೆಯ ದೊಡ್ಡದು ಮೂತ್ರಕೋಶವನ್ನು ಒತ್ತಿ ಪದೇಪದೇ ಮೂತ್ರಕ್ಕೆ ಓಡಿಸುವುದಷ್ಟೇ ಇರಬಹುದು.

‘ಮನೆಯಲ್ಲಿ ಯಾರಿಗಾದರೂ ಇತ್ತಾ? ತಾಯಿಗೆ, ಅಕ್ಕತಂಗಿಯರಿಗೆ ಇದ್ದರೆ ಬರುವ ಸಾಧ್ಯತೆ ಹೆಚ್ಚು’ ಅಂತ ಡಾಕ್ಟರ್ ಕೇಳಿದರು. ‘ಇಲ್ಲ ಮೇಡಂ’ ಅಂದೆ.

ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಸ್ಕ್ಯಾನ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ರಂಕಿನ ತಳದಿಂದ ಒಂದು ಹಳೇ ಡಿಸ್ಚಾರ್ಜ್ ಕಾರ್ಡ್ ತೆಗೆದುಕೊಟ್ಟಳು. ಹನ್ನೊಂದು ವರ್ಷದ ಹಿಂದಿನದು. ಅವ್ವನಿಗೆ ಆಗ 36. ‘ಹೊಟ್ಟಿ ಆಪರೇಷನ್’ ಅಂತ ಮಾತ್ರ ನಮಗೆ ಹೇಳಿದ್ದರು. ಕಾರ್ಡಿನಲ್ಲಿ ಇದ್ದದ್ದು ಫೈಬ್ರಾಯ್ಡ್. ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರು. ಅದನ್ನು ಓದಿ ಹೇಳಿದಾಗ ಅವ್ವ, ‘ಚೀಲ ಕೆಟ್ಟೈತಿ, ಬಿಟ್ರ ಕ್ಯಾನ್ಸರ್ ಆಗ್ತೈತಿ ಅಂದಿದ್ರು. ಇನ್ನೇನು ತಗದ್ರೋ ನನಗ ಗೊತ್ತಿಲ್ಲವಾ’ ಅಂದಳು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ್ದು ಅಪ್ಪ. ಅವರಿಗೂ ಗೊತ್ತಿರಲಿಲ್ಲ.

ಆ ವಯಸ್ಸಿಗೆ ಎರಡೂ ಅಂಡಾಶಯ ಹೋದರೆ ಮುಟ್ಟು ನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದುಬಿಡುತ್ತದೆ. ಮೈ ಬಿಸಿಯೇರುವುದು, ನಿದ್ದೆಗೆಡುವುದು, ಮೂಳೆ ಸವೆಯುವುದು. ಅವ್ವ ರಾತ್ರಿ ಎದ್ದು ಅಂಗಳದಲ್ಲಿ ಕೂರುತ್ತಿದ್ದುದನ್ನು ನಾವು ‘ಸೆಕೆ ತಡೆಯೋದಿಲ್ಲ ಅವಳಿಗೆ’ ಅಂತ ನಗುತ್ತಿದ್ದೆವು.

ನನಗೆ ಅನ್ನಿಸುವುದು ಇಷ್ಟು. ಇಪ್ಪತ್ತಕ್ಕೆ ‘ಸಹಿಸ್ಕೋ’ ಅನ್ನುವ ಮನೆಯೇ ನಲವತ್ತಕ್ಕೆ ‘ತೆಗೆಸಿಬಿಡು, ಮಕ್ಕಳಾಗ್ಯಾವಲ್ಲ’ ಅನ್ನುತ್ತದೆ. ಎರಡರ ನಡುವೆ ಚಿಕಿತ್ಸೆ ಅನ್ನುವುದೊಂದಿದೆ ಅಂತ ಯಾರೂ ಹೇಳುವುದಿಲ್ಲ. ಬಡವರ ಮನೆಯಲ್ಲಂತೂ ಇನ್ನೂ ಕಷ್ಟ. ಕಲಬುರಗಿ ಜಿಲ್ಲೆಯಲ್ಲಿ ತಾಂಡಾದ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದಿದ್ದಾರೆಂಬ ದೂರುಗಳು ದಶಕದ ಹಿಂದೆಯೇ ಬಂದು ಸರ್ಕಾರ ತನಿಖೆ ಮಾಡಿಸಿತ್ತು. ಇಂಥ ಆಪರೇಷನ್ ತಡೆಯಲು ಕೇಂದ್ರ ಮಾಡಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ನಮ್ಮೂರಿನಲ್ಲಿ ಅದರ ಸುದ್ದಿಯೇ ಇಲ್ಲ.

ಹಾಗಂತ ಆಪರೇಷನ್ನನ್ನೇ ಬೈಯುತ್ತಿಲ್ಲ. ಔಷಧಕ್ಕೆ ಬಗ್ಗದ ರಕ್ತಸ್ರಾವ ಇದ್ದು, ಮಕ್ಕಳು ಸಾಕು ಅನ್ನುವ ಹೆಣ್ಣುಮಗಳು ತಾನೇ ತಿಳಿದು ನಿರ್ಧರಿಸಿದರೆ ಅದೇ ಸರಿಯಾದ ದಾರಿ ಇರಬಹುದು. ಆದರೆ ಅದು ಮೊದಲನೇ ದಾರಿಯಲ್ಲ. ತೊಂದರೆ ಕೊಡದ ಗಡ್ಡೆಯನ್ನು ಆಗಾಗ ಸ್ಕ್ಯಾನ್ ಮಾಡಿ ನೋಡಿಕೊಂಡಿದ್ದರೆ ಸಾಕು. ರಕ್ತ ಕಡಿಮೆ ಮಾಡಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಹಾರ್ಮೋನ್ ಮಾತ್ರೆಗಳಿವೆ, ಕೆಲವರಿಗೆ ಕಾಪರ್-ಟಿಯಂತೆಯೇ ಒಳಗಿಡುವ ಹಾರ್ಮೋನ್ ಸಾಧನ ಹೊಂದುತ್ತದೆ. ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯುವ ಮಯೋಮೆಕ್ಟಮಿ ಇದೆ. ಅದರಲ್ಲಿ ಮತ್ತೆ ಬೆಳೆಯುವ ಸಾಧ್ಯತೆ ಇದೆ ಅನ್ನುವುದೂ ನಿಜ. ದೊಡ್ಡ ಆಸ್ಪತ್ರೆಗಳಲ್ಲಿ ಗಡ್ಡೆಗೆ ರಕ್ತ ಒಯ್ಯುವ ನಾಳವನ್ನೇ ಮುಚ್ಚುತ್ತಾರೆ. ಯಾವುದು ಯಾರಿಗೆ ಅನ್ನುವುದನ್ನು ಡಾಕ್ಟರ್ ಹೇಳಬೇಕು. ಆದರೆ ಅವರು ಹೇಳಬೇಕಾದರೆ ನಾವು ಕೇಳಬೇಕು.

2025ರಲ್ಲಿ ನಮ್ಮ ಸರ್ಕಾರ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಮುಟ್ಟಿನ ವೇತನಸಹಿತ ರಜೆಗೆ ಒಪ್ಪಿತು. ಖುಷಿಯ ವಿಷಯ. ಕೆಲಸ ಸಿಕ್ಕರೆ ನಾನೂ ಹಾಕುತ್ತೇನೆ. ಆದರೆ ಏಳು ದಿನಕ್ಕಿಂತ ಹೆಚ್ಚು ಹೋಗುತ್ತಿದ್ದರೆ, ದೊಡ್ಡ ದೊಡ್ಡ ಹೆಪ್ಪು ಬೀಳುತ್ತಿದ್ದರೆ, ರಾತ್ರಿ ಎದ್ದು ಪ್ಯಾಡ್ ಬದಲಾಯಿಸುವ ಹಾಗಿದ್ದರೆ ಅದಕ್ಕೆ ರಜೆ ಸಾಲದು, ಸ್ಕ್ಯಾನ್ ಬೇಕು. ಗೆಳತಿಯರೇ, ಕನಿಷ್ಠ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಸರ್ಕಾರದ್ದೇ ಸಮೀಕ್ಷೆ, ಎನ್‌ಎಫ್‌ಎಚ್‌ಎಸ್-5ರ ಪ್ರಕಾರ ದೇಶದಲ್ಲಿ 15ರಿಂದ 49ರ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಎಲ್ಲರದ್ದೂ ಸೊಪ್ಪು ತಿನ್ನದೆ ಬಂದದ್ದಲ್ಲ.

ಇದನ್ನು ಹುಡುಗರೂ ಓದುತ್ತಿದ್ದೀರಿ ಅಂದುಕೊಂಡಿದ್ದೇನೆ. ನಾಳೆ ಅವ್ವನನ್ನು ಬೈಕ್ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವವರು, ಕಾಗದಕ್ಕೆ ಸಹಿ ಹಾಕುವವರು ನೀವೇ. ‘ಗರ್ಭಕೋಶ ತೆಗೀಬೇಕು’ ಅಂದರೆ ಪೆನ್ನು ಕೆಳಗಿಡಿ. ಗಡ್ಡೆ ಎಷ್ಟು ದೊಡ್ಡದಿದೆ, ಎಲ್ಲಿದೆ, ಬೇರೆ ಚಿಕಿತ್ಸೆ ನೋಡಿದ್ದೀರಾ, ಅಂಡಾಶಯ ಉಳಿಸುತ್ತೀರಾ ಅಂತ ಕೇಳಿ. ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಎಲ್ಲಕ್ಕಿಂತ ಮೊದಲು ಅವ್ವನನ್ನು ಕೇಳಿ.

ನಾನು ಸದ್ಯ ಮುಟ್ಟಿನ ದಿನಗಳಲ್ಲಿ ಮಾತ್ರೆ, ದಿನಾಲೂ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 10.4ಕ್ಕೆ ಬಂದಿದೆ. ಗಡ್ಡೆ ಹಾಗೇ ಇದೆ, ಬರುವ ತಿಂಗಳು ಮತ್ತೆ ಸ್ಕ್ಯಾನ್. ಈ ಸಲ ಅವ್ವ ಬರ್ತೀನಿ ಅಂದಿದ್ದಾಳೆ. ತನ್ನ ಹಳೇ ಕಾರ್ಡನ್ನೂ ತರುತ್ತಾಳಂತೆ. ಡಾಕ್ಟರಿಗೆ ಕೇಳಲು ಅವಳ ಹತ್ತಿರವೂ ಒಂದಷ್ಟು ಪ್ರಶ್ನೆಗಳಿವೆ.