ಯಂತ್ರಮಾನವನ ಬೋಲ್ಟು: ಇಂಚೋ, ಮಿಲಿಮೀಟರೋ?

ಜಮಖಂಡಿ ತಾಲೂಕಿನ ತುಬಚಿಯ ಸುತ್ತಣ ಊರುಗಳಲ್ಲಿ ಹೊಲವನ್ನು ಎಕರೆ-ಗುಂಟೆಗಳಲ್ಲಿ ಅಳೆಯುತ್ತಾರೆ, ಕಬ್ಬನ್ನು ಟನ್ನುಗಳಲ್ಲಿ ತೂಗುತ್ತಾರೆ, ಪಂಪಿನ ಪೈಪನ್ನು ಇಂಚಿನಲ್ಲಿ ಕೇಳುತ್ತಾರೆ. ಬಡಿಗರ ಬಾಯಲ್ಲಿ ‘ಸೂತ’ ಇನ್ನೂ ಉಳಿದಿದೆ. ಅದು ಇಂಚಿನ ಎಂಟನೆಯ ಒಂದು ಪಾಲು. ಇಷ್ಟು ಮಾನಗಳ ನಡುವೆ ಬೆಳೆದ ವಿದ್ಯಾರ್ಥಿಯು ಪುಟ್ಟ ಯಂತ್ರಮಾನವನನ್ನು ಕಟ್ಟಲು ಕುಳಿತಾಗ ಮೊದಲು ಎದುರಾಗುವ ತೊಡಕು ನಟ್ಟು-ಬೋಲ್ಟುಗಳದು.

2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಷನ್ ಯೋಜನೆಯ ಟಿಂಕರಿಂಗ್ ಪ್ರಯೋಗಶಾಲೆಗಳ ಮೂಲಕ ಈ ಕೆಲಸ ದೇಶದ ಅನೇಕ ಶಾಲೆಗಳನ್ನು ತಲುಪಿದೆ. ಸಾಮಗ್ರಿ ಮಾತ್ರ ಒಂದೇ ಮೂಲದಿಂದ ಬರುವುದಿಲ್ಲ. ಪೇಟೆಯಲ್ಲಿ ಕೊಂಡ ಮೋಟಾರುಗಳಿಗೆ ಸಾಮಾನ್ಯವಾಗಿ ಎಂ-3, ಅಂದರೆ 3 ಮಿಲಿಮೀಟರಿನ ತಿರುಪು. ಅಮೆರಿಕದ ವೆಕ್ಸ್ ಕಂಪನಿಯ ಲೋಹದ ಕಿಟ್ಟಿನಲ್ಲಿ ‘8-32’ ಎಂಬ ಇಂಚಿನ ಮಾನದ ತಿರುಪು. ಬಿಚ್ಚಿದ ಹಳೆಯ ಗಣಕಯಂತ್ರದಲ್ಲಂತೂ ‘6-32’ ಮತ್ತು ಎಂ-3 ಎರಡೂ ಕಲಸಿಕೊಂಡಿರುತ್ತವೆ.

8-32 ತಿರುಪಿನ ದಪ್ಪ 4.17 ಮಿಲಿಮೀಟರು, ಎಳೆಯಿಂದ ಎಳೆಗೆ ಅಂತರ 0.79. ಎಂ-4ಕ್ಕೆ ದಪ್ಪ 4, ಅಂತರ 0.7. ಕಣ್ಣಿಗೆ ಎರಡೂ ಒಂದೇ. ಮೊದಲನೆಯದನ್ನು ಎಂ-4 ನಟ್ಟಿಗೆ ಹಾಕಿದರೆ ಒಂದೆರಡು ಸುತ್ತು ಹೋಗಿ ಬಿಗಿದು ನಿಲ್ಲುತ್ತದೆ. ಬಲವಂತ ಮಾಡಿದರೆ ಎಳೆ ಹರಿಯುತ್ತದೆ. ಹುಡುಗನು ತನ್ನ ಕೈಯೇ ಸರಿಯಿಲ್ಲವೆಂದು ಭಾವಿಸುತ್ತಾನೆ. ಶಿಕ್ಷಕರು ಗಮನಿಸಬೇಕಾದದ್ದು ಈ ಭಾವನೆಯನ್ನು.

ಮೀಟರ್ ಮಾನವನ್ನೇ ಆರಿಸಬೇಕೆಂಬುದಕ್ಕೆ 1956ರ ತೂಕ-ಅಳತೆಗಳ ಕಾಯ್ದೆಗಿಂತಲೂ ಬಲವಾದ ಕಾರಣವೊಂದಿದೆ. ಎಂ-3ರ ಎಳೆ ಕೊರೆಯಲು ಎಷ್ಟು ದಪ್ಪದ ರಂಧ್ರ ಬೇಕು? ಮೂರರಲ್ಲಿ ಎಳೆಯ ಅಂತರ 0.5 ಕಳೆದರೆ 2.5. ಎಂ-4ಕ್ಕೆ 0.7 ಕಳೆದರೆ 3.3. ಪ್ರಾಥಮಿಕ ಶಾಲೆಯ ವ್ಯವಕಲನ ಸಾಕು. 8-32ಕ್ಕಾದರೋ ‘29ನೆಯ ನಂಬರಿನ’ ಡ್ರಿಲ್ ಎಂದು ಕೋಷ್ಟಕ ನೋಡಿ ತಿಳಿಯಬೇಕು. ಇನ್ನು ಇಂಚಿನ ಬೋಲ್ಟೂ ಒಂದೇ ಜಾತಿಯದಲ್ಲ: ಕಾಲಿಂಚಿನ ವಿಟ್ವರ್ತ್ ಎಳೆಯ ಕೋನ 55 ಅಂಶ, ಅಮೆರಿಕದ್ದು 60, ಇಂಚಿಗೆ ಎಳೆಗಳು ಮಾತ್ರ ಎರಡರಲ್ಲೂ 20.

ಹಾಗೆಂದು ಇಂಚು ಪೂರ್ಣವಾಗಿ ತೊಲಗುವಂತಿಲ್ಲ. ಆರ್ಡುಯಿನೋ ಫಲಕದ ಸೂಜಿಗಳ ನಡುವಣ ಅಂತರ 2.54 ಮಿಲಿಮೀಟರು, ಅರ್ಥಾತ್ ಇಂಚಿನ ಹತ್ತನೆಯ ಒಂದು ಪಾಲು. ‘ನೆಮಾ 17’ ಮೋಟಾರಿನ ಮುಖ 1.7 ಇಂಚು ಅಗಲ, ಅದರ ನಾಲ್ಕು ರಂಧ್ರಗಳು ಎಂ-3! ಹಳೆಯ ಮಾನವನ್ನು ವಿದ್ಯಾರ್ಥಿ ಅರಿತಿರಲಿ. ಡಬ್ಬಿಯಲ್ಲಿ ಬೆರೆಸುವುದು ಬೇಡ.

ಶಾಲೆಯು ಎಂ-3, ಎಂ-4 ಎರಡನ್ನೇ ಇಟ್ಟುಕೊಂಡರೆ ಬಹುಪಾಲು ಕೆಲಸ ಸಾಗುತ್ತದೆ. ಅವಕ್ಕೆ ಬೇಕಾದ ಪಾನಾಗಳೂ ಎರಡೇ, 5.5 ಮತ್ತು 7 ಮಿಲಿಮೀಟರಿನವು. ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಅಭಿಮಾನದಿಂದ ಕಿಟ್ಟು ಕಳುಹಿಸುವಾಗ ಮೊದಲು ಮಾನವನ್ನು ವಿಚಾರಿಸುವುದು ಲೇಸು. ಇಂಚಿನದೇ ಆದಲ್ಲಿ ಅದಕ್ಕೆ ತಕ್ಕ ಅಲೆನ್ ಕೀಗಳನ್ನೂ ಹೆಚ್ಚುವರಿ ನೂರು ತಿರುಪು-ನಟ್ಟುಗಳನ್ನೂ ಜೊತೆಗಿಡಬೇಕು. ಶಾಲೆಯಲ್ಲಿ ಅವನ್ನು ಕೆಂಪು ಬಣ್ಣ ಬಳಿದ ಬೇರೆ ಡಬ್ಬಿಯಲ್ಲಿಡಬೇಕು.